ಎಳೆಯ ಮಕ್ಕಳಿಗೆ ಓವರ್‌ಟೈಮ್ ಏಕೆ?

ಅಡಿಕೆ ಸುಲಿಯುವ ಕಾಲ. ಸೂಳೆಕೆರೆಯ ಏರಿಗೆ ಹತ್ತಿರದ ಹಳ್ಳಿಯೊಂದರಲ್ಲಿ ಕೂಲಿಗಾರರ ಸಭೆ ಮುಗಿಯುವ ಹೊತ್ತಿಗೆ ರಾತ್ರಿ ಒಂಬತ್ತಾಗಿತ್ತು. ಕೊನೆಯ ಬಸ್ಸು ಹೋಗಿಬಿಟ್ಟಿದ್ದರಿಂದ ನಾವು ಅಲ್ಲಿಯೇ ಸಂಗಾತಿಯೊಬ್ಬರ ಮನೆಯಲ್ಲಿ ಉಳಿದೆವು. ಜಗಲಿಯ ಮೇಲೆ ಅಡಿಕೆಯ ರಾಶಿ. ಸುತ್ತಲೂ ಹೆಂಗಸರು ಕುಳಿತು ಸುಲಿಯುತ್ತಿದ್ದರು. ಅದೇ ದೀಪದ ಬೆಳಕಿನಲ್ಲಿ ಎರಡನೆಯ ತರಗತಿಯ ಹುಡುಗಿಯೊಬ್ಬಳು ನೋಟುಬುಕ್ಕಿನ ಮೇಲೆ ಬಗ್ಗಿ ಬರೆಯುತ್ತಿದ್ದಳು. ಒಂದೇ ಇಂಗ್ಲಿಷ್ ಮಾತನ್ನು ಇಪ್ಪತ್ತು ಸಲ ಬರೆಯಬೇಕು. ಎಲ್, ಎ, ಕೆ, ಇ, ಲೇಕ್. ಹದಿಮೂರನೆಯ ಸಾಲಿಗೆ ಬರುವಾಗ ಅವಳ ಕಣ್ಣು ಮುಚ್ಚುತ್ತಿತ್ತು. ಅಕ್ಷರಗಳು ಗೀಟು ಬಿಟ್ಟು ಕೆಳಗಿಳಿದಿದ್ದವು.

"ಲೇಕ್ ಅಂದ್ರೆ ಏನು ತಾಯಿ?" ಎಂದು ಕೇಳಿದೆವು.

"ಗೊತ್ತಿಲ್ಲ ಸಾರ್. ಇಪ್ಪತ್ತು ಸಲ ಬರೀಬೇಕು. ಇಲ್ಲಾಂದ್ರೆ ಮಿಸ್ಸು ನಿಲ್ಲಿಸ್ತಾರೆ."

ಅವಳ ಬೆನ್ನ ಹಿಂದೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ನಾಡಿನ ಅತಿ ದೊಡ್ಡ ಕೆರೆಗಳಲ್ಲೊಂದು ಕತ್ತಲಲ್ಲಿ ಮಲಗಿತ್ತು. ಮಗು ಹುಟ್ಟಿದಂದಿನಿಂದ ಅದರ ನೀರನ್ನೇ ಕುಡಿದಿದೆ, ಅದರ ಗಾಳಿಯಲ್ಲೇ ಬೆಳೆದಿದೆ. ಆದರೆ ತಾನು ಬರೆಯುತ್ತಿರುವ ಮಾತು ಆ ಕೆರೆಯನ್ನೇ ಹೇಳುತ್ತದೆ ಎಂಬುದು ಅದಕ್ಕೆ ತಿಳಿಯದು. ತಿಳಿಸುವ ಹೊಣೆ ಹೊತ್ತ ಶಾಲೆ ಸಂಜೆಯೇ ಬಾಗಿಲು ಹಾಕಿಕೊಂಡು, ತನ್ನ ಕೆಲಸವನ್ನು ಈ ಜಗಲಿಗೆ ಕಳಿಸಿತ್ತು.

ಈ ಪತ್ರಿಕೆಯಲ್ಲಿ ಕೂಲಿ, ಬೋನಸ್ಸು, ಪಡಿತರ, ಮನೆ ಬಾಡಿಗೆಗಳ ಮಾತು ಬರುವುದು ವಾಡಿಕೆ. ಮಕ್ಕಳ ಹೋಂವರ್ಕಿಗೆ ಇಲ್ಲಿ ಏನು ಕೆಲಸ ಎಂದು ಕೆಲವು ಸಂಗಾತಿಗಳು ಕೇಳಬಹುದು. ಕೆಲಸ ಇದೆ. ದುಡಿಮೆಗೆ ಒಂದು ಹೊತ್ತು ಬೇಕು, ಹೊತ್ತಿಗೊಂದು ಮಿತಿ ಬೇಕು ಎಂಬ ಮಾತಿಗಾಗಿ ಲೋಕದ ಕಾರ್ಮಿಕರು ನೂರಾರು ವರ್ಷ ಹೋರಾಡಿದ್ದಾರೆ. ದೊಡ್ಡವರಿಗೆ ಗೆದ್ದುಕೊಂಡ ಆ ನ್ಯಾಯವನ್ನು ನಮ್ಮ ಆರು ವರ್ಷದ ಮಗುವಿಗೆ ಏಕೆ ಕೊಡಬಾರದು ಎಂಬುದೇ ನಮ್ಮ ಪ್ರಶ್ನೆ.

1948ರ ಕಾರ್ಖಾನೆ ಕಾಯ್ದೆಯು ವಾರಕ್ಕೆ 48 ಗಂಟೆ, ದಿನಕ್ಕೆ 9 ಗಂಟೆ ಎಂದು ಗಿರಣಿಯವನ ದುಡಿಮೆಗೆ ಬೇಲಿ ಹಾಕಿತು. ಬೇಲಿ ದಾಟಿದರೆ ದುಪ್ಪಟ್ಟು ಕೂಲಿ ಎಂದಿತು. 2023ರಲ್ಲಿ ಕರ್ನಾಟಕ ಸರಕಾರ ದಿನದ ಮಿತಿಯನ್ನು 12 ಗಂಟೆಯವರೆಗೆ ಎಳೆಯಲು ತಿದ್ದುಪಡಿ ತಂದಾಗ ಕಾರ್ಮಿಕ ಸಂಘಗಳು ಪ್ರತಿಭಟಿಸಿದವು. ಆ ಹಳೆಯ ಕಾಯ್ದೆಯ ಜಾಗಕ್ಕೆ 2025ರ ನವೆಂಬರಿನಲ್ಲಿ ಹೊಸ ಸಂಹಿತೆ ಬಂದಿದೆ. ಅದರ ದೋಷಗಳನ್ನು ಬೇರೆ ಕಡೆ ಎತ್ತಿ ಆಡೋಣ. ಆದರೆ ಹೆಚ್ಚುವರಿ ದುಡಿತಕ್ಕೆ ದುಪ್ಪಟ್ಟು ಕೂಲಿ ಎಂಬ ಮಾತನ್ನು ಅದು ಕೂಡ ಬಿಡಲಿಲ್ಲ. ಈಗ ಮಗುವಿನ ಲೆಕ್ಕ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, 800 ಗಂಟೆಗಳ ಪಾಠ ನಡೆಯಬೇಕು. ಭಾಗಿಸಿದರೆ ದಿನಕ್ಕೆ 4 ಗಂಟೆ. ಎಳೆಯ ಮನಸ್ಸಿಗೆ ಇಷ್ಟು ಸಾಕು ಎಂದು ಕಾಯ್ದೆ ಮಾಡಿದವರೇ ಒಪ್ಪಿದ ಲೆಕ್ಕ ಇದು. ಶಾಲೆಯ ಗಂಟೆ ಹೊಡೆದ ಮೇಲೆ ಮನೆಯಲ್ಲಿ ಮತ್ತೆ ಒಂದೂವರೆ, ಎರಡು ಗಂಟೆ ಬರೆಸುವುದಾದರೆ ಅದಕ್ಕೆ ಓವರ್‌ಟೈಮ್ ಎನ್ನದೆ ಬೇರೆ ಹೆಸರಿಲ್ಲ. ಕೂಲಿಯಿಲ್ಲ, ಸಂಘವಿಲ್ಲ, ಆಗದು ಎನ್ನುವ ಬಾಯಿಯೂ ಇಲ್ಲ.

ಸರಕಾರಕ್ಕೆ ಇದು ತಿಳಿಯದ ವಿಷಯವೇನೂ ಅಲ್ಲ. ನಮ್ಮ ಮೈಸೂರಿನ ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರು ರಾಜ್ಯಸಭೆಗೆ ನಾಮಕರಣಗೊಂಡಿದ್ದಾಗ ಅಲ್ಲಿ ಎದ್ದು ನಿಂತು ಮಾತಾಡಿದ್ದು ಮಕ್ಕಳ ಪುಸ್ತಕದ ಚೀಲದ ಬಗ್ಗೆ, ಅವರ ಬಾಲ್ಯವನ್ನು ಶಾಲೆ ತಿಂದುಹಾಕುವ ಬಗ್ಗೆ. ಆಮೇಲೆ 1992ರಲ್ಲಿ ವಿಜ್ಞಾನಿ ಯಶಪಾಲರ ಸಮಿತಿ ನೇಮಕವಾಯಿತು. 1993ರಲ್ಲಿ ಅದು ಕೊಟ್ಟ ವರದಿಯಲ್ಲಿ ಪ್ರಾಥಮಿಕ ತರಗತಿಗಳಿಗೆ ಹೋಂವರ್ಕ್ ಕೂಡದು, ಮನೆಯ ಮತ್ತು ಊರಿನ ಪರಿಸರವನ್ನು ಮಗು ತಾನೇ ನೋಡಿ ಕೇಳಿ ತಿಳಿಯುವ ಕೆಲಸವಾದರೆ ಮಾತ್ರ ಸರಿ ಎಂಬ ಸಲಹೆಯಿತ್ತು. 2018ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟು ಒಂದು ಮತ್ತು ಎರಡನೆಯ ತರಗತಿಗೆ ಹೋಂವರ್ಕ್ ಬೇಡವೆಂದು ಆಜ್ಞೆ ಮಾಡಿತು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸರಕಾರ ಎಲ್ಲ ರಾಜ್ಯಗಳಿಗೂ ಹಾಗೆಂದು ಬರೆಯಿತು. 2019ರ ಮೇ ತಿಂಗಳಲ್ಲಿ ಕರ್ನಾಟಕದ ಸುತ್ತೋಲೆ ಬಂತು. 2020ರ ಶಾಲಾ ಚೀಲ ನೀತಿ ಇನ್ನೂ ಸ್ಪಷ್ಟ: ಎರಡನೆಯ ತರಗತಿಯವರೆಗೆ ಹೋಂವರ್ಕ್ ಇಲ್ಲವೇ ಇಲ್ಲ, ಮೂರರಿಂದ ಐದನೆಯ ತರಗತಿಗೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ. ದಿನಕ್ಕೆ ಅಲ್ಲ ಓದುಗರೇ, ವಾರಕ್ಕೆ. 2023ರ ಜೂನಿನಲ್ಲಿ ರಾಜ್ಯ ಸರಕಾರ ಚೀಲದ ಭಾರದ ವಿಷಯವನ್ನು ಶಾಲೆಗಳಿಗೆ ಮತ್ತೊಮ್ಮೆ ಜ್ಞಾಪಿಸಬೇಕಾಯಿತು. ಎರಡನೆಯ ಸಲ ಸುತ್ತೋಲೆ ಹೊರಡಬೇಕಾದರೆ ಮೊದಲನೆಯದು ಕಡತದಲ್ಲೇ ನಿದ್ದೆ ಹೋಗಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಇಷ್ಟು ಸ್ಪಷ್ಟವಾದ ಮಾತು ಜಾರಿಗೆ ಬರಲಿಲ್ಲವೇಕೆ? ಇದಕ್ಕೆ ಉತ್ತರ ಕೊಡುವಾಗ ನಾವು ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಪಕ್ಷದ ಕೆಲಸಕ್ಕೆ ಬರುವ ಮೊದಲು ಖಾಸಗಿ ಶಾಲೆಯೊಂದರಲ್ಲಿ ಸಣ್ಣ ಸಂಬಳಕ್ಕೆ ಮೇಷ್ಟರಾಗಿದ್ದವರು ನಾವು. ನಾವೂ ಹೋಂವರ್ಕ್ ಕೊಟ್ಟಿದ್ದೇವೆ, ಧಾರಾಳವಾಗಿ ಕೊಟ್ಟಿದ್ದೇವೆ. ತರದವರನ್ನು ಬಾಗಿಲ ಹೊರಗೆ ನಿಲ್ಲಿಸಿದ್ದೇವೆ. ಹಾಗೆ ಮೂರು ದಿನ ಹೊರಗೆ ನಿಂತ ಹುಡುಗನೊಬ್ಬ ನಾಲ್ಕನೆಯ ದಿನ ಬರಲಿಲ್ಲ. ವಾರ ಕಳೆದು ಸಂತೆಯಲ್ಲಿ ಅವನ ತಾಯಿ ಸಿಕ್ಕಳು. ಮನೆಯಲ್ಲಿ ಅಜ್ಜ ಹಾಸಿಗೆ ಹಿಡಿದಿದ್ದ. ತಾಯಿ ಕೂಲಿಗೆ ಹೋಗಿ ಬರುವವರೆಗೆ ಅವನನ್ನು ನೋಡಿಕೊಳ್ಳುತ್ತಿದ್ದವನು ಈ ಹುಡುಗ. "ನೀವು ಕೇಳಲೇ ಇಲ್ಲವಂತಲ್ಲ ಮೇಷ್ಟ್ರೇ" ಎಂದಳು, ಅಷ್ಟೇ. ನಿಜ, ನಾವು ಕೇಳಿರಲಿಲ್ಲ. ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಕೊಡಕೂಡದೆಂದು ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಹೇಳುತ್ತದೆಂಬುದು ಆಗಲೂ ನಮಗೆ ಗೊತ್ತಿತ್ತು. ಹುಡುಗ ಮುಂದೆ ಶಾಲೆಗೆ ಬಂದ. ಆದರೆ ನಮ್ಮ ಮುಖ ನೋಡಿ ಮಾತಾಡುವುದನ್ನು ಬಿಟ್ಟಿದ್ದ.

ನಾವು ಹೋಂವರ್ಕ್ ಕೊಡುತ್ತಿದ್ದುದು ಮಕ್ಕಳಿಗೆ ಬೇಕಾಗಿತ್ತೆಂದಲ್ಲ. ಆಡಳಿತದವರಿಗೆ ಬೇಕಾಗಿತ್ತು. ತುಂಬಿದ ನೋಟುಬುಕ್ಕು ಖಾಸಗಿ ಶಾಲೆಗೆ ಜಾಹೀರಾತು. ಫೀಜು ಕಟ್ಟಿದ ತಂದೆ ಪುಟ ತಿರುವಿ ನೋಡಿ, ಕೊಟ್ಟ ದುಡ್ಡಿಗೆ ಮೋಸವಿಲ್ಲ ಎಂದುಕೊಳ್ಳಬೇಕು. ಆ ಪುಟಗಳ ಒಳಗೆ ಏನು ನಡೆಯುತ್ತಿತ್ತೆಂಬುದನ್ನು ಅಂಗಡಿ ಲೆಕ್ಕ ಬಲ್ಲ ಓದುಗರು ತಾವೇ ಹಾಕಿ ನೋಡಲಿ. ತರಗತಿಯಲ್ಲಿ 40 ಮಕ್ಕಳು. ಒಂದು ಪುಸ್ತಕವನ್ನು ಓದಿ, ತಪ್ಪು ಗುರುತಿಸಲು ಎರಡು ನಿಮಿಷ ಬೇಕೆನ್ನಿ. 80 ನಿಮಿಷವಾಯಿತು, ಎಂದರೆ ಎರಡು ಪೀರಿಯಡ್ಡು. ಅಷ್ಟು ಹೊತ್ತು ಪಾಠ ನಿಲ್ಲಿಸಬೇಕು. ಇಲ್ಲವೇ ಓದದೆ ಕೆಂಪು ಶಾಯಿಯ ಗೀಟು ಎಳೆಯಬೇಕು. ನಾವು ಗೀಟು ಎಳೆದೆವು. ಲೆಕ್ಕ ತಾಳೆ ನೋಡದೆ ಖಾತೆಯ ಕೆಳಗೆ ರುಜು ಹಾಕುವ ಗುಮಾಸ್ತನನ್ನು ಯಾವ ಸಾಹುಕಾರ ಇಟ್ಟುಕೊಂಡಾನು? ಮಗು ತಪ್ಪನ್ನೇ ಇಪ್ಪತ್ತು ಸಲ ಬರೆದರೆ ತಪ್ಪೇ ಗಟ್ಟಿಯಾಗುತ್ತದೆ. ಕೆಳಗಿನ ಕೆಂಪು ಗೀಟು ಅದಕ್ಕೆ ಮುದ್ರೆ ಒತ್ತುತ್ತದೆ.

ಇನ್ನು ಮನೆಗಳ ವಿಷಯ. ಹೋಂವರ್ಕಿಗೆ ಪುಸ್ತಕದ ಕನ್ನಡದಲ್ಲಿ ಮನೆಗೆಲಸ ಎನ್ನುತ್ತಾರೆ. ನಮ್ಮ ಕಡೆ ಆ ಮಾತಿಗೆ ಮೊದಲಿಂದಲೂ ಬೇರೆ ಅರ್ಥವಿದೆ. ಪಾತ್ರೆ ತಿಕ್ಕುವುದು, ನೀರು ತರುವುದು, ತಮ್ಮನನ್ನು ಎತ್ತಿಕೊಳ್ಳುವುದು. ಬಡವರ ಮನೆಯ ಹೆಣ್ಣುಮಗುವಿಗೆ ಎರಡೂ ಮನೆಗೆಲಸ ಕಾದಿರುತ್ತವೆ. ಮೊದಲನೆಯದನ್ನು ಮುಗಿಸದೆ ಎರಡನೆಯದಕ್ಕೆ ಕೂರುವಂತಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಗಳಲ್ಲಿ ಸಂಜೆ ಹೋಗಿ ನೋಡಿ. ಹೊಗೆ ತುಂಬಿದ ಒಂದೇ ಕೋಣೆಯಲ್ಲಿ ಅಡಿಗೆ, ಹಾಸಿಗೆ, ಪುಸ್ತಕ ಎಲ್ಲ. 2016ರಲ್ಲಿ ಬಾಲಕಾರ್ಮಿಕ ಕಾಯ್ದೆಯನ್ನು ತಿದ್ದಿದಾಗ 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿದರೂ, ಶಾಲೆಯ ಹೊತ್ತು ಮುಗಿದ ಮೇಲೆ ಮನೆಯ ಕಸುಬಿಗೆ ಕೈಗೂಡಿಸಬಹುದು ಎಂಬ ಕಿಂಡಿಯನ್ನು ಉಳಿಸಿಕೊಂಡರು. ಶಾಲೆ ಬಿಟ್ಟ ಮೇಲಿನ ಹೊತ್ತು ಕಸುಬಿಗೂ ಬೇಕು, ಶಾಲೆಗೂ ಬೇಕು. ಆಟಕ್ಕೆ, ಊಟಕ್ಕೆ, ಕಥೆಗೆ, ನಿದ್ದೆಗೆ ಉಳಿಯುವುದೆಷ್ಟು?

ಸಣ್ಣ ವ್ಯಾಪಾರಿಯ ಮನೆಯೂ ಇದಕ್ಕಿಂತ ಸುಖದಲ್ಲಿಲ್ಲ. ರಾತ್ರಿ ಒಂಬತ್ತಕ್ಕೆ ಅಂಗಡಿ ಬಾಗಿಲು ಹಾಕಿ ಬರುವವನಿಗೆ ಮಗನ ಶಾಲೆಯಿಂದ ಫೋನಿನ ವಾಟ್ಸಾಪಿನಲ್ಲಿ ಹೋಂವರ್ಕಿನ ಪಟ್ಟಿ ಬಂದು ಕೂತಿರುತ್ತದೆ. ದಿನವಿಡೀ ಗಿರಾಕಿಗಳ ಜೊತೆ ತಾಳ್ಮೆಯಿಂದಿದ್ದವನು ಮಗುವಿನ ಮೇಲೆ ತಾಳ್ಮೆ ಕಳೆದುಕೊಳ್ಳುತ್ತಾನೆ. ತಂದೆಮಕ್ಕಳು ದಿನಕ್ಕೆ ಒಂದು ಗಂಟೆ ಒಟ್ಟಿಗಿದ್ದರೆ ಅದು ಜಗಳದಲ್ಲೇ ಕಳೆಯುತ್ತದೆ. ಕೊನೆಗೆ ದಾರಿ ಒಂದೇ, ಟ್ಯೂಷನ್. ಶಾಲೆಗೊಂದು ಫೀಜು, ಶಾಲೆ ಮಾಡದೆ ಬಿಟ್ಟ ಕೆಲಸಕ್ಕೆ ಇನ್ನೊಂದು ಫೀಜು. ದೇಶದಲ್ಲಿ ಶಾಲೆಗೆ ಹೋಗುವ ನಾಲ್ಕು ಮಕ್ಕಳಲ್ಲಿ ಒಂದಕ್ಕಿಂತ ಹೆಚ್ಚು ಟ್ಯೂಷನ್ನಿಗೆ ಹೋಗುತ್ತವೆ ಎಂದು ಕೇಂದ್ರ ಸರಕಾರದ 2025ರ ಮಾದರಿ ಸಮೀಕ್ಷೆಯೇ ಹೇಳಿದೆ. ಓದಿದ ತಾಯಿ, ಬೇರೆ ಕೋಣೆ, ಟ್ಯೂಷನ್ನಿನ ದುಡ್ಡು ಇದ್ದವರ ಮಗು ಬೆಳಿಗ್ಗೆ ಚೊಕ್ಕ ಪುಸ್ತಕ ಹಿಡಿದು ಬರುತ್ತದೆ. ಇವು ಮೂರೂ ಇಲ್ಲದವರ ಮಗು ತಲೆ ತಗ್ಗಿಸಿ ಬರುತ್ತದೆ. ಮೇಷ್ಟರು ಮೊದಲನೆಯದನ್ನು ಜಾಣ ಎನ್ನುತ್ತಾರೆ, ಎರಡನೆಯದನ್ನು ಸೋಮಾರಿ ಎನ್ನುತ್ತಾರೆ. ಶಾಲೆಯ ಒಳಗೆ ಎಲ್ಲರಿಗೂ ಒಂದೇ ಕರಿಹಲಗೆ, ಒಬ್ಬರೇ ಮೇಷ್ಟರು. ಹೊರಗೆ ಕಳಿಸಿದ ಕೂಡಲೇ ಆ ಸಮಾನತೆ ಮುರಿಯುತ್ತದೆ. ನಮ್ಮ ಮೂಲ ತಕರಾರು ಇದೇ. ಹೋಂವರ್ಕ್ ಮಗುವಿನ ಬುದ್ಧಿಯನ್ನು ಅಳೆಯುವುದಿಲ್ಲ. ಮನೆಯ ಸ್ಥಿತಿಯನ್ನು ಅಳೆದು, ಶಿಕ್ಷೆಯನ್ನು ಮಗುವಿಗೆ ಕೊಡುತ್ತದೆ.

ಭಾಷೆಯ ಹೊರೆ ಇದರ ಮೇಲೆ ಇನ್ನೊಂದು. ಸೂಳೆಕೆರೆಯಿರುವ ಇದೇ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು ಜೆ.ಎಚ್. ಪಟೇಲರು. ಸಮಾಜವಾದಿಯಾಗಿ 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದರು. ದಿಲ್ಲಿಯ ಸಭೆಗೆ ಕನ್ನಡ ಕೇಳಿಸಿದ ತಾಲ್ಲೂಕಿನಲ್ಲಿ ಇಂದು ಎರಡನೆಯ ತರಗತಿಯ ಮಗುವಿನ ಹೋಂವರ್ಕು ತಾಯಿಗೆ ಓದಲು ಬಾರದ ಭಾಷೆಯಲ್ಲಿ ಬರುತ್ತದೆ. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆಯಲ್ಲಿ ಪಾಠವಿರಬೇಕೆಂದು ಕರ್ನಾಟಕ ಸರಕಾರ 1994ರಲ್ಲಿ ಹೊರಡಿಸಿದ ಆಜ್ಞೆಯನ್ನು 2014ರ ಮೇ 6ರಂದು ಸುಪ್ರೀಂ ಕೋರ್ಟು ತಳ್ಳಿಹಾಕಿತು. ಆ ವಾದ ಇಲ್ಲಿ ಬೇಡ. ಇಂಗ್ಲಿಷ್ ಕಲಿಯಬಾರದೆಂದು ನಾವು ಹೇಳುವುದೂ ಇಲ್ಲ. ನಮ್ಮವರ ಮಕ್ಕಳಿಗೂ ಅದು ಬೇಕು. ಆದರೆ ಇಂಗ್ಲಿಷ್ ಕಲಿಸುತ್ತೇನೆಂದು ಫೀಜು ಪಡೆದವರು ಶಾಲೆಯಲ್ಲೇ ಕಲಿಸಲಿ. ತಾಯಿಯ ಕೈಗೆ ಕೊಟ್ಟರೆ ಅವಳೇನು ಮಾಡಿಯಾಳು? ಮಗಳ ಕಣ್ಣಿನಲ್ಲಿ ತಾನು ಏನೂ ತಿಳಿಯದವಳಾಗುವುದನ್ನು ನೋಡುತ್ತಾ ಕೂರುತ್ತಾಳೆ. ಅಡಿಕೆಯ ತರ, ಬೆಲೆ, ತೂಕ, ಮಳೆಯ ಸೂಚನೆ ಎಲ್ಲವನ್ನೂ ಬಲ್ಲ ಹೆಂಗಸಿಗೆ ಆಗುವ ಈ ಅವಮಾನವನ್ನು ಯಾವ ಇಲಾಖೆಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಮ್ಮ ಮಾತಿಗೆ ಎದುರು ಮಾತು ಇದೆ, ಅದೂ ನಮ್ಮವರಿಂದಲೇ. ರೈಸ್‌ಮಿಲ್ಲಿನ ಸಂಗಾತಿಯೊಬ್ಬರು ಮುಖಕ್ಕೇ ಹೇಳಿದರು: "ಅಣ್ಣಾ, ಸಾಹುಕಾರ್ರ ಮಕ್ಳು ಹೆಂಗಾದ್ರೂ ಓದ್ತವೆ. ನಮ್ಮವಕ್ಕೆ ಹೋಂವರ್ಕೂ ಇಲ್ಲಾಂದ್ರೆ ಬೀದಿ ಸುತ್ತಿ ಹಾಳಾಗ್ತವೆ." ಇದನ್ನು ಹಗುರವಾಗಿ ತಳ್ಳುವಂತಿಲ್ಲ. ಅಕ್ಷರಕ್ಕಾಗಿ ಹಸಿದವರ ಮಾತು ಅದು. ಮಕ್ಕಳಿಗೆ ಓದು ಸರಿಯಾಗಿ ಬರುತ್ತಿಲ್ಲವೆಂಬುದೂ ನಿಜ. ಹಳ್ಳಿಗಾಡಿನ ಮೂರನೆಯ ತರಗತಿಯ ನೂರು ಮಕ್ಕಳಲ್ಲಿ 27 ಮಾತ್ರ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವು ಎಂದು 2024ರ ಅಸರ್ ವರದಿ ದೇಶದ ಲೆಕ್ಕ ಕೊಟ್ಟಿದೆ. ಆದರೆ ಯೋಚಿಸಿ. ಇಷ್ಟು ವರ್ಷ ಹೋಂವರ್ಕ್ ಕೊಟ್ಟೂ ಕೊಟ್ಟೂ ಬಂದ ಫಲ ಇದು. ಔಷಧಿಯನ್ನು ಕುಡಿಸಿಯೂ ಜ್ವರ ಇಳಿಯದಿದ್ದರೆ ಪ್ರಮಾಣ ಹೆಚ್ಚಿಸುವ ಮೊದಲು ಔಷಧಿ ಸರಿಯೇ ಎಂದು ನೋಡಬೇಡವೇ? ಅಮೆರಿಕದ ವಿದ್ವಾಂಸ ಹ್ಯಾರಿಸ್ ಕೂಪರ್ ಅಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಕೂಡಿಸಿ 2006ರಲ್ಲಿ ನೋಡಿದಾಗ, ದೊಡ್ಡ ತರಗತಿಗಳಲ್ಲಿ ಹೋಂವರ್ಕಿಗೂ ಕಲಿಕೆಗೂ ಕಂಡ ನಂಟು ಸಣ್ಣ ತರಗತಿಗಳಲ್ಲಿ ಹೆಚ್ಚು ಕಾಣಲಿಲ್ಲ. ಫ್ರಾನ್ಸ್ ದೇಶ 1956ರಲ್ಲೇ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಮನೆಯಲ್ಲಿ ಬರೆಯುವ ಕೆಲಸ ಕೊಡಕೂಡದೆಂದು ಆಜ್ಞೆ ಮಾಡಿತು. ಚೀನಾ 2021ರಲ್ಲಿ ಒಂದು, ಎರಡನೆಯ ತರಗತಿಗೆ ಬರವಣಿಗೆಯ ಹೋಂವರ್ಕ್ ನಿಲ್ಲಿಸಿತು. ಪೋಲೆಂಡ್ 2024ರಲ್ಲಿ ಮೊದಲ ಮೂರು ತರಗತಿಗಳಿಗೆ ನಿಲ್ಲಿಸಿತು. ಇವರಾರೂ ಮಕ್ಕಳನ್ನು ಬೀದಿಗೆ ಬಿಡಲು ಹೊರಟವರಲ್ಲ.

ಹೊರದೇಶ ಏಕೆ, ನಮ್ಮ ನಾಡಿನಲ್ಲೇ ನಲಿಕಲಿ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಸರಕಾರಿ ಶಾಲೆಯ ಮೇಷ್ಟರುಗಳೇ ಕಾರ್ಡುಗಳನ್ನು, ಆಟಗಳನ್ನು, ಹಾಡುಗಳನ್ನು ಮಾಡಿಕೊಂಡು ಆರಂಭಿಸಿದ ಪದ್ಧತಿ. 2009-10ರಲ್ಲಿ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹರಡಿತು. ಮಕ್ಕಳು ಗುಂಪಾಗಿ ನೆಲದ ಮೇಲೆ ಕೂತು, ತಮ್ಮ ವೇಗಕ್ಕೆ ಒಂದೊಂದೇ ಮೆಟ್ಟಿಲು ಹತ್ತುತ್ತಾರೆ. ಮೇಷ್ಟರೂ ಜೊತೆಗೆ ಕೂರುತ್ತಾರೆ. ಅಭ್ಯಾಸವೆಲ್ಲ ಕೋಣೆಯೊಳಗೇ ನಡೆಯುತ್ತದೆ. ಅಭ್ಯಾಸ ಬೇಡವೆಂದು ನಾವು ಹೇಳುತ್ತಿಲ್ಲ. ಮಗ್ಗಿ ಬಾಯಿಗೆ ಬರಬೇಕು, ಕೈಬರಹ ಕೂಡಬೇಕು, ಉಕ್ತಲೇಖನ ತಪ್ಪಿಲ್ಲದೆ ಬರೆಯಬೇಕು. ಅದೆಲ್ಲ ತಪ್ಪು ಮಾಡಿದಾಗ ಅಲ್ಲೇ ತಿದ್ದುವವರ ಕಣ್ಣೆದುರು ನಡೆಯಬೇಕು. ಅದಕ್ಕೆ ಮೇಷ್ಟರು ಬೇಕು. ಪ್ರಾಥಮಿಕ ಶಾಲೆಯಲ್ಲಿ 30 ಮಕ್ಕಳಿಗೆ ಒಬ್ಬ ಉಪಾಧ್ಯಾಯರೆಂದು ಕಾಯ್ದೆ ಹೇಳುತ್ತದೆ; ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿ ಒಬ್ಬರೇ ನಡೆಸುವ ಶಾಲೆಗಳನ್ನು ಹಳ್ಳಿಗಾಡಿನಲ್ಲಿ ಯಾರೂ ನೋಡಬಹುದು. ಇದ್ದವರ ತಲೆಯ ಮೇಲೂ ಊಟದ ಲೆಕ್ಕ, ಕಂಪ್ಯೂಟರಿಗೆ ಅಂಕಿ ತುಂಬುವುದು, ಸಮೀಕ್ಷೆ. 2025ರಲ್ಲಿ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಉಪಾಧ್ಯಾಯರನ್ನೇ ಹಚ್ಚಿ, ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ಹಿಂದುಳಿದವರ ಲೆಕ್ಕ ಸಿಗಬೇಕೆಂಬುದು ಸಮಾಜವಾದಿಗಳ ಹಳೆಯ ಬೇಡಿಕೆ. ಸಮೀಕ್ಷೆಗೆ ನಮ್ಮ ವಿರೋಧವಿಲ್ಲ. ಆದರೆ ಅದಕ್ಕಾಗಿ ಕಳೆದ ಪಾಠದ ಗಂಟೆಗಳನ್ನು ಶಾಲೆಯಲ್ಲೇ ತುಂಬಿಕೊಡಬೇಕು. ಹಿಂದುಳಿದವರನ್ನು ಎಣಿಸುವ ಕೆಲಸಕ್ಕೆ ಹಿಂದುಳಿದವರ ಮಕ್ಕಳೇ ಬೆಲೆ ತೆರುವಂತಾಗಬಾರದು.

ಮಗು ಮನೆಯಲ್ಲಿ ಏನನ್ನೂ ಕಲಿಯಬಾರದೇ? ಕಲಿಯಲಿ. ಯಶಪಾಲ್ ಸಮಿತಿ ಬಿಟ್ಟ ಬಾಗಿಲು ಅದೇ. ಆ ರಾತ್ರಿ ಆ ಹುಡುಗಿಗೆ ಮೇಷ್ಟರು ಬೇರೆ ಕೆಲಸ ಕೊಟ್ಟಿದ್ದರೆ ಹೇಗಿರುತ್ತಿತ್ತು? "ನಾಳೆ ಬರುವಾಗ ನಿಮ್ಮ ಅಜ್ಜಿಯನ್ನು ಕೇಳಿಕೊಂಡು ಬಾ, ನಮ್ಮ ಕೆರೆಗೆ ಆ ಹೆಸರು ಏಕೆ ಬಂತು? ಕಟ್ಟಿಸಿದವರು ಯಾರು? ಒಂದು ನಾಲೆಗೆ ಸಿದ್ದನ ಹೆಸರು, ಇನ್ನೊಂದಕ್ಕೆ ಬಸವನ ಹೆಸರು ಏಕೆ?" ಇಷ್ಟು ಹೇಳಿದ್ದರೆ ಸಾಕಿತ್ತು. ಅಡಿಕೆ ಸುಲಿಯುತ್ತಿದ್ದ ಅಜ್ಜಿಯ ಕೈ ನಿಲ್ಲಬೇಕಾಗಿರಲಿಲ್ಲ; ಶಾಂತವ್ವ ಕೆರೆ ಕಟ್ಟಿಸಿದ ಕಥೆಯನ್ನು ಸುಲಿಯುತ್ತಲೇ ಹೇಳುತ್ತಿದ್ದಳು. ಎರಡು ಗುಡ್ಡಗಳ ನಡುವೆ ಹರಿದ್ರಾ ಹೊಳೆಗೆ ಅಡ್ಡಕಟ್ಟಿದ ಏರಿ ಎಂಟು ನೂರು ವರ್ಷದ ಮೇಲೂ ನಿಂತಿರುವುದು, ಶಾಂತಿಸಾಗರವೆಂದು ಹೆಸರಿಟ್ಟರೂ ಜನದ ಬಾಯಲ್ಲಿ ಸೂಳೆಕೆರೆಯಾಗಿಯೇ ಉಳಿದದ್ದು, ಇಲ್ಲಿನ ನೀರು ಚಿತ್ರದುರ್ಗದ ಮನೆಗಳವರೆಗೆ ಹೋಗುವುದು, ಎಲ್ಲ ಮಾತಿಗೆ ಬರುತ್ತಿತ್ತು. ಓದಲು ಬಾರದ ಅಜ್ಜಿ ಮನೆಯ ಗುರುವಾಗುತ್ತಿದ್ದಳು. ಇದಕ್ಕೆ ಟ್ಯೂಷನ್ ಬೇಡ, ಫೋನು ಬೇಡ, ಬೇರೆ ಕೋಣೆ ಬೇಡ. ಬೆಳಿಗ್ಗೆ ಮಗು ಖಾಲಿ ಕೈಯಲ್ಲಿ, ತುಂಬಿದ ಬಾಯಲ್ಲಿ ಶಾಲೆಗೆ ಓಡುತ್ತಿತ್ತು. ಆಗ ಮೇಷ್ಟರು ಕರಿಹಲಗೆಯ ಮೇಲೆ ಕೆರೆ ಎಂದು ಬರೆದು, ಪಕ್ಕದಲ್ಲಿ ಲೇಕ್ ಎಂದು ಬರೆದಿದ್ದರೆ ಆ ಇಂಗ್ಲಿಷ್ ಮಾತು ಜನ್ಮದಲ್ಲಿ ಮರೆಯುತ್ತಿರಲಿಲ್ಲ.

ಆದುದರಿಂದ ನಮ್ಮ ಬೇಡಿಕೆಗಳು ಇವು. ಒಂದು, ಒಂದನೆಯ ಮತ್ತು ಎರಡನೆಯ ತರಗತಿಗೆ ಹೋಂವರ್ಕ್ ಇಲ್ಲ ಎಂಬ ಮಾತನ್ನು ಸರಕಾರಿ, ಖಾಸಗಿ ಎನ್ನದೆ ಪ್ರತಿ ಶಾಲೆಯ ಬಾಗಿಲಲ್ಲಿ ಕನ್ನಡದಲ್ಲಿ ಬರೆದು ಹಾಕಬೇಕು. ಎರಡು, ಮೂರರಿಂದ ಐದನೆಯ ತರಗತಿಗೆ ವಾರಕ್ಕೆ ಎರಡು ಗಂಟೆಯ ಮಿತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳು ನೋಟುಬುಕ್ಕು ತೆರೆದು ತಾವೇ ಪರೀಕ್ಷಿಸಬೇಕು. ಮೂರು, ಹೋಂವರ್ಕ್ ತರಲಿಲ್ಲವೆಂದು ಯಾವ ಮಗುವನ್ನೂ ಹೊರಗೆ ನಿಲ್ಲಿಸಕೂಡದು. ನಾಲ್ಕು, ಖಾಲಿ ಇರುವ ಉಪಾಧ್ಯಾಯರ ಜಾಗಗಳನ್ನು ಅತಿಥಿಗಳಿಂದಲ್ಲ, ಕಾಯಂ ನೇಮಕದಿಂದ ತುಂಬಬೇಕು.

ಇಷ್ಟನ್ನು ಸರಕಾರಕ್ಕೆ ಹೇಳಿ ನಾವು ಸುಮ್ಮನಾಗುವಂತಿಲ್ಲ. ನಮ್ಮ ಕೈಯಲ್ಲೂ ಒಂದು ಕೆಲಸ ಇದೆ. ಪ್ರತಿ ಶಾಲೆಯಲ್ಲೂ ತಂದೆತಾಯಿಗಳ ಸಭೆ ಸೇರುತ್ತದೆ. ಗಿರಣಿಯ ಸಂಗಾತಿಗಳು ಒಂದು ಪಾಳಿ ಬದಲಿಸಿಕೊಂಡಾದರೂ, ಅಂಗಡಿಯವರು ಒಂದು ಗಂಟೆ ಬಾಗಿಲು ಹಾಕಿಯಾದರೂ ಹೋಗಿ. ಇದುವರೆಗೆ ಅಲ್ಲಿ ನಮ್ಮವರು ಕೇಳುತ್ತಿದ್ದುದು "ಹೋಂವರ್ಕ್ ಸಾಲದು, ಇನ್ನೂ ಕೊಡಿ" ಎಂದು. ಆ ಮಾತನ್ನು ಬಿಡೋಣ. "ಇವತ್ತು ಶಾಲೆಯಲ್ಲಿ ನನ್ನ ಮಗುವಿಗೆ ಏನು ಕಲಿಸಿದಿರಿ?" ಎಂದು ಕೇಳೋಣ. ಈ ಒಂದು ಪ್ರಶ್ನೆಯನ್ನು ಹತ್ತು ಮಂದಿ ಒಟ್ಟಿಗೆ ಕೇಳಿದರೆ, ಇಷ್ಟು ಸುತ್ತೋಲೆಗಳು ಮಾಡದ ಕೆಲಸ ಆಗುತ್ತದೆ.

ಸೂಳೆಕೆರೆಯ ಹಳ್ಳಿಯ ಆ ಹುಡುಗಿ ಹದಿನಾರನೆಯ ಸಾಲಿನಲ್ಲಿ ನಿದ್ದೆ ಹೋದಳು. ಉಳಿದ ನಾಲ್ಕು ಸಾಲುಗಳನ್ನು ಅವಳ ಕೈಬರಹವನ್ನೇ ಅನುಸರಿಸಿ ನಾವು ಬರೆದುಕೊಟ್ಟೆವು. ಅದು ಮೋಸ ಎಂಬುದು ನಮಗೆ ಗೊತ್ತು. ಮರುದಿನ ಯಾರೂ ಅದನ್ನು ಕಂಡುಹಿಡಿದಿರಲಾರರು; ಕಂಡುಹಿಡಿಯಬೇಕಾದರೆ ಮೊದಲು ಓದಬೇಕು.